ಕಪುಚಿನೋ ದಾನ

ಹರದನಹಳ್ಳಿ ಎಂದ ಕೂಡಲೇ ಎದುರಿಗಿದ್ದವರು ಕೇಳುವುದು ಒಂದೇ ಮಾತು: ‘ಓಹೋ, ದೇವೇಗೌಡರ ಊರಾ?’ ಹೌದು, ಅವರ ಹೆಸರಿನ ಮುಂದಿರುವ ‘ಎಚ್’ ನಮ್ಮೂರೇ. 1996ರ ಜೂನ್ 1ರಂದು ಅವರು ಪ್ರಧಾನಿಯಾದಾಗ ನಾನು ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದೆ. ಹೊಳೆನರಸೀಪುರ ತಾಲ್ಲೂಕು, ಹೇಮಾವತಿ ಹೊಳೆ ಎಂದೆಲ್ಲ ವಿಳಾಸ ಬಿಡಿಸಿ ಹೇಳುವ ಕಷ್ಟ ಅವತ್ತಿನಿಂದ ತಪ್ಪಿತು. ಈಗ ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಪಕ್ಕದ ಪ್ಲೇನೋ ಎಂಬಲ್ಲಿ ಮನೆ. ಅಲ್ಲಿನ ಕನ್ನಡದವರ ನಡುವೆಯೂ ನನಗೆ ಊರಿನ ಹೆಸರೇ ಅಡ್ಡಹೆಸರು. ಎತ್ತು ಮಾರುವಾಗಲೂ ಆಲೂಗಡ್ಡೆ ಮಾರುವಾಗಲೂ ಕೊನೆಯ ರೂಪಾಯಿಯವರೆಗೆ ಜಗ್ಗಾಡುವ ಜನರ ನಡುವೆ ಬೆಳೆದವನು ನಾನು. ಅಂಥವನು ಜಪಾನಿನ ಒಂದು ಪುಟ್ಟ ಸ್ಪೋರ್ಟ್ಸ್ ಕಾರನ್ನು ದಾನ ಮಾಡಲು ಹೋಗಿ, ಕಾರನ್ನೂ ಕಳೆದುಕೊಂಡು ದಾನವನ್ನೂ ಕೆಡಿಸಿಕೊಂಡೆ.

ಕಾರಿನ ಹೆಸರು ಸುಜುಕಿ ಕಪುಚಿನೋ. ಜಪಾನಿನಲ್ಲಿ ‘ಕೇ’ ಎಂಬ ವರ್ಗದ ಕಾರುಗಳಿವೆ. ಸರ್ಕಾರ ಗೊತ್ತುಮಾಡಿದ ಅಳತೆಯೊಳಗಿದ್ದರೆ ತೆರಿಗೆ ಕಡಿಮೆ. ಆಗಿನ ಲೆಕ್ಕದಲ್ಲಿ ಉದ್ದ 3.3 ಮೀಟರ್, ಅಗಲ 1.4 ಮೀಟರ್, ಇಂಜಿನ್ 660 ಸಿ.ಸಿ. ಮೀರುವಂತಿಲ್ಲ. ಇಷ್ಟರೊಳಗೇ ಸ್ಪೋರ್ಟ್ಸ್ ಕಾರು ಮಾಡಿ ತೋರಿಸುತ್ತೇವೆ ಎಂದು ಜಪಾನಿನವರು ತೊಂಬತ್ತರ ದಶಕದ ಮೊದಲಲ್ಲಿ ಹಟಕ್ಕೆ ಬಿದ್ದು ಮೂರು ಕಾರು ಮಾಡಿದರು. ಒಂದು ಆಟೋಜಾಮ್ ಎಜ಼ಡ್-1, ಇನ್ನೊಂದು ಹೋಂಡಾ ಬೀಟ್, ಮತ್ತೊಂದು ಈ ಕಪುಚಿನೋ. ಮೊದಲಕ್ಷರ ಹಿಡಿದು ಅಭಿಮಾನಿಗಳು ಇವನ್ನು ‘ಎಬಿಸಿ’ ಎನ್ನುತ್ತಾರೆ. ಕಪುಚಿನೋ ಬಂದದ್ದು 1991ರಲ್ಲಿ, ನಿಂತದ್ದು 1998ರಲ್ಲಿ. ಒಟ್ಟು ತಯಾರಾದದ್ದು 28,010. ತೂಕ ಸುಮಾರು 700 ಕೆ.ಜಿ., ನಮ್ಮ ಮಾರುತಿ 800ಕ್ಕಿಂತ ಅಷ್ಟೇನೂ ಹೆಚ್ಚಲ್ಲ. ಉದ್ದ ಮೂತಿ, ಮೋಟು ಬೆನ್ನು, ಹಿಂದಿನ ಚಕ್ರಕ್ಕೆ ಎಳೆತ, ಒಳಗೆ ಇಬ್ಬರಿಗೆ ಮಾತ್ರ ಜಾಗ. ಚಾವಣಿ ಮೂರು ತುಂಡು. ಬಿಚ್ಚಿ ಡಿಕ್ಕಿಯಲ್ಲಿ ಜೋಡಿಸಿಡಬಹುದು. ಹಾಗೆ ಜೋಡಿಸಿದ ಮೇಲೆ ಡಿಕ್ಕಿಯಲ್ಲಿ ಒಂದು ತೆಂಗಿನಕಾಯಿಗೂ ಜಾಗವಿರುವುದಿಲ್ಲ.

ಅಮೆರಿಕದಲ್ಲಿ ಇದನ್ನು ಯಾವತ್ತೂ ಹೊಸದಾಗಿ ಮಾರಿಲ್ಲ. ಆದರೆ 1988ರ ಒಂದು ಕಾನೂನಿನ ದೆಸೆಯಿಂದ, ತಯಾರಾಗಿ 25 ವರ್ಷ ತುಂಬಿದ ಕಾರನ್ನು ಅಲ್ಲಿನ ಸುರಕ್ಷತಾ ನಿಯಮಗಳ ಗೊಡವೆಯಿಲ್ಲದೆ ತರಿಸಿಕೊಳ್ಳಬಹುದು. ನನ್ನದು 1992ರ ಕಾರು. 2018ರಲ್ಲಿ ತರಿಸಿದೆ. ಹಡಗಿನ ಬಾಡಿಗೆ, ಸುಂಕ ಎಲ್ಲ ಸೇರಿ ಏಳೂವರೆ ಸಾವಿರ ಡಾಲರ್ ಬಿತ್ತು. ಹೆಂಡತಿಗೆ ಐದು ಎಂದು ಹೇಳಿದ್ದೆ. ಆ ಸುಳ್ಳೇ ಮುಂದೆ ನನ್ನ ಕಾಲಿಗೆ ತೊಡರಿಕೊಂಡಿತು.

ಇದೇ ಕಾರು ಯಾಕೆ ಎಂದು ಕೇಳಿದವರಿಗೆಲ್ಲ ಬಾನೆಟ್ ಎತ್ತಿ ತೋರಿಸುತ್ತಿದ್ದೆ. ಒಳಗಿರುವ ಮೂರು ಸಿಲಿಂಡರಿನ ಎಫ್6ಎ ಇಂಜಿನ್, ಮಾರುತಿ 800ರಲ್ಲಿದ್ದ ಎಫ್8ಬಿಯ ಕುಟುಂಬದ್ದು. ಮಾರುತಿಯದು 796 ಸಿ.ಸಿ., ಇದು 657. ಇದರಲ್ಲಿ ವಾಲ್ವು ಹೆಚ್ಚು, ಮೇಲೊಂದು ಟರ್ಬೋ. ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡುವಾಗ ರಜೆಯಲ್ಲಿ ಹೊಳೆನರಸೀಪುರದ ಒಂದು ಗ್ಯಾರೇಜಿನಲ್ಲಿ ಮಾರುತಿಗಳ ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುವುದು ನನ್ನ ಕೆಲಸ. ಆ ಗ್ಯಾರೇಜಿನ ಮೇಸ್ತ್ರಿಗೆ ಕಪುಚಿನೋದ ವಿಡಿಯೊ ಕಳಿಸಿದಾಗ, ಸದ್ದು ಕೇಳಿಯೇ ಗುರುತು ಹಿಡಿದರು. ‘ಎಂಟ್ನೂರರ ಇಂಜಿನ್ನೇ ಅಲ್ವೇನಪ್ಪ ಇದು! ಟರ್ಬೋ ಕಟ್ಟವ್ರೆ, ಅಷ್ಟೆ’ ಎಂದರು. ಏಳೂವರೆ ಸಾವಿರ ಡಾಲರ್ ಕೊಟ್ಟವನಿಗೆ ಆ ‘ಅಷ್ಟೆ’ ಸ್ವಲ್ಪ ಚುಚ್ಚಿತು.

ಐದು ವರ್ಷ ಚೆನ್ನಾಗಿ ಓಡಿಸಿದೆ. ಡ್ಯಾಶ್‌ಬೋರ್ಡಿನ ಮೇಲೆ ಹೊಳೆನರಸೀಪುರದ ಲಕ್ಷ್ಮೀನರಸಿಂಹನ ಸ್ಟಿಕ್ಕರ್ ಅಂಟಿಸಿಕೊಂಡು, ದೀಪಾವಳಿ, ರಾಜ್ಯೋತ್ಸವಗಳಿಗೆ ಅದರಲ್ಲೇ ಹೋಗುತ್ತಿದ್ದೆ. ಆಮೇಲೆ ಮೊಣಕಾಲು ನೋವು ಶುರುವಾಯಿತು. ಆ ಕಾರಿಗೆ ಹತ್ತುವುದು ಅನ್ನುವಂತಿಲ್ಲ, ಅದರೊಳಗೆ ಇಳಿಯಬೇಕು. ಟೆಕ್ಸಾಸ್‌ನ ಬೇಸಿಗೆಯಲ್ಲಿ ಅದರ ಎ.ಸಿ. ಬೀಸಣಿಗೆಯಷ್ಟೂ ಗಾಳಿ ಕೊಡುತ್ತಿರಲಿಲ್ಲ. ಜೊತೆಗೆ ಕೇ ವಾಹನಗಳ ನೋಂದಣಿಯ ರಗಳೆ. 2021ರಲ್ಲಿ ರೋಡ್ ಐಲೆಂಡ್ ರಾಜ್ಯ ಇಂಥವು ರಸ್ತೆಗೆ ಯೋಗ್ಯವಲ್ಲ ಎಂದು ತಕರಾರು ತೆಗೆಯಿತು. ಟೆಕ್ಸಾಸ್‌ನಲ್ಲೂ ನೋಂದಣಿ ನಿರಾಕರಿಸಿದ ಸುದ್ದಿಗಳು ಹರಿದಾಡಿದವು. ನನ್ನ ಕಾರಿಗೆ ಯಾರೂ ಏನೂ ಅಂದಿರಲಿಲ್ಲ. ಆದರೂ ನಾಳೆ ಇದಕ್ಕೆ ಬೆಲೆಯೇ ಇಲ್ಲದಂತಾದರೆ ಎಂಬ ಹೆದರಿಕೆ ಒಳಹೊಕ್ಕಿತು. ಕೊಟ್ಟುಬಿಡೋಣ ಎಂದುಕೊಂಡೆ.

ಮೊದಲು ಬಂದ ಯೋಚನೆ ಒಳ್ಳೆಯದೇ. ಊರ ಕಡೆಯ ಯಾವುದಾದರೂ ಪಾಲಿಟೆಕ್ನಿಕ್‌ಗೆ ಕಳಿಸಿದರೆ ಹುಡುಗರು ಬಿಚ್ಚಿ ಜೋಡಿಸಿ ಕಲಿಯುತ್ತಾರಲ್ಲ. ವಿಚಾರಿಸಿದೆ. ಮೂರು ವರ್ಷಕ್ಕಿಂತ ಹಳೆಯದಾದ, ಬಳಸಿದ ಕಾರನ್ನು ಭಾರತಕ್ಕೆ ತರುವಂತಿಲ್ಲ. ತರಬಹುದಾದದ್ದಕ್ಕೂ ಸುಂಕ ಕಾರಿನ ಬೆಲೆಯನ್ನೇ ಮೀರುತ್ತದೆ. ಅದು ಅಲ್ಲಿಗೆ ಮುಗಿಯಿತು.

ಈ ಸಂಗತಿಯನ್ನು ಊರಿನಲ್ಲಿರುವ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ಅರ್ಧ ನಿಮಿಷವೂ ಯೋಚಿಸಲಿಲ್ಲ. ‘ಅಲ್ಲೇ ಮಾರ್ಬುಟ್ಟು ದುಡ್ಡು ಕಳ್ಸೋದಲ್ವೇನ್ಲಾ ಮಗ? ಪಕ್ಕದ ಹಳ್ಳಿ ಇಸ್ಕೂಲ್ನಲ್ಲಿ ಮಕ್ಕಳು ಓದೋಕೆ ಒಂದು ರೂಮು ಮಾಡವ್ರೆ. ಕಪಾಟಿಲ್ಲ, ಮೇಜಿಲ್ಲ, ಪುಸ್ತಕ ಎಲ್ಲ ಗೋಣಿಚೀಲದಲ್ಲವೆ’ ಎಂದರು.

ಇದಕ್ಕಿಂತ ನೇರವಾದ ದಾರಿ ಇನ್ನೊಂದಿರಲಿಲ್ಲ. ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್. ನನ್ನ ಉಳಿತಾಯದಿಂದ ಊರಿಗೆ ಕಳಿಸಿದರೆ ಅದು ವಿದೇಶಿ ದೇಣಿಗೆಯ ಕಾನೂನಿಗೂ ಸಿಗುವುದಿಲ್ಲ. ಆದರೆ ಒಂದು ಕೊಕ್ಕೆ ಇತ್ತು. ಭಾರತದ ಶಾಲೆಗೆ ನೇರವಾಗಿ ಕೊಟ್ಟ ಹಣಕ್ಕೆ ಅಮೆರಿಕದ ಆದಾಯ ತೆರಿಗೆಯಲ್ಲಿ ವಿನಾಯಿತಿ ಇಲ್ಲ. ಅಲ್ಲಿನದೇ ಧರ್ಮಸಂಸ್ಥೆಗೆ ಕೊಟ್ಟರೆ ಉಂಟು. ‘ನೋಡೋಣ ಚಿಕ್ಕಪ್ಪ’ ಎಂದೆ. ನಮ್ಮ ಕಡೆ ‘ನೋಡೋಣ’ ಎಂದರೆ ಏನೆಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ.

ಅಷ್ಟರಲ್ಲಿ ಗೆಳೆಯನೊಬ್ಬ ಬಂದ. ಮಂಡ್ಯ ಕಡೆಯವನು, ಕಾರು ಹುಚ್ಚ, ನನ್ನ ಕಪುಚಿನೋದ ಮೇಲೆ ಮೊದಲಿನಿಂದ ಕಣ್ಣಿಟ್ಟವನು. ನಾನು ಹನ್ನೆರಡು ಸಾವಿರ ಎಂದೆ. ಅವನು ಕಾರಿನ ಕೆಳಗೆ ತೂರಿ, ಟಾರ್ಚ್ ಬಿಟ್ಟು ನೋಡಿ, ಎದ್ದು ಮಂಡಿ ಒರೆಸಿಕೊಂಡು, ‘ಗುರೂ, ಹಿಂದಿನ ಸಿಲ್ ಹತ್ರ ತುಕ್ಕೈತೆ. ಚಾವಣಿ ರಬ್ಬರ್ ಸೋರ್ತದೆ. ಒಂಬತ್ತಕ್ಕೆ ಮುಗ್ಸು’ ಎಂದ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಇನ್ನೊಂದು ಸಲ ಕಾಫಿ ಕುಡಿದಿದ್ದರೆ ಹತ್ತಕ್ಕೆ ಬರುತ್ತಿದ್ದ. ಆದರೆ ಪಕ್ಕದಲ್ಲಿ ಹೆಂಡತಿ ನಿಂತಿದ್ದಳು. ಐದಕ್ಕೆ ತಂದದ್ದು ಎಂದುಕೊಂಡಿದ್ದವಳು, ‘ಒಂಬತ್ತು ಅಂದ್ರೆ ಒಳ್ಳೇ ಲಾಭಾನೇ ಅಲ್ವಾ, ಕೊಟ್ಟುಬಿಡಿ’ ಎಂದಳು. ಅವಳ ಎದುರು ನಿಜವಾದ ಲೆಕ್ಕ ಬಿಡಿಸುವಂತಿಲ್ಲ. ಗೆಳೆಯನ ಎದುರು ಸೋಲುವಂತಿಲ್ಲ. ಬಾಯಿಂದ ಬಂದೇಬಿಟ್ಟಿತು: ‘ನಿಂಗೆ ಒಂಬತ್ತಕ್ಕೆ ಕೊಡೋ ಬದ್ಲು ದಾನ ಮಾಡ್ತೀನಿ.’

ಆ ಮಾತು ಹೊರಬಿದ್ದ ಮೇಲೆ ಅದಕ್ಕೆ ಕಾರಣಗಳನ್ನು ಹುಡುಕಿಕೊಂಡೆ. ಅಮೆರಿಕದಲ್ಲಿ ಹಳೆಯ ಕಾರು ದಾನ ಮಾಡಿ ಎಂಬ ಜಾಹೀರಾತು ರೇಡಿಯೋದಲ್ಲಿ, ರಸ್ತೆಬದಿಯ ಬೋರ್ಡುಗಳಲ್ಲಿ ಎಲ್ಲೆಲ್ಲೂ. ಅನಾಥ ಮಕ್ಕಳಿಗೆ, ಮಾಜಿ ಸೈನಿಕರಿಗೆ, ನಾಯಿಗಳಿಗೆ, ಎಲ್ಲದಕ್ಕೂ ಕಾರು ಕೊಡಬಹುದು. ಒಂದು ಫೋನು ಮಾಡಿದರೆ ಸಾಕು, ಅವರೇ ಬಂದು ಎಳೆದುಕೊಂಡು ಹೋಗುತ್ತಾರೆ, ತೆರಿಗೆ ರಸೀತಿ ಮನೆಗೇ ಬರುತ್ತದೆ. ನನಗೆ ಮೂರೂ ಹಿಡಿಸಿದವು: ಚೌಕಾಸಿ ಇಲ್ಲ, ವಿನಾಯಿತಿ ಉಂಟು, ಮತ್ತೆ ಹೆಸರು. ಹತ್ತು ಸಾವಿರ ಡಾಲರ್ ಕೊಟ್ಟೆ ಎಂದು ಹೇಳಿಕೊಂಡರೆ ಜಂಬ ಎನ್ನುತ್ತಾರೆ. ಜಪಾನಿನಿಂದ ತರಿಸಿದ ಸ್ಪೋರ್ಟ್ಸ್ ಕಾರನ್ನೇ ದಾನ ಮಾಡಿದ ಎಂದು ಬೇರೆಯವರು ಹೇಳುತ್ತಾರೆ. ಕನ್ನಡ ಸಂಘದ ಊಟದ ಸಾಲಿನಲ್ಲಿ ಆ ಮಾತನ್ನು ಆಗಲೇ ಕಿವಿಯಾರೆ ಕೇಳಿಸಿಕೊಂಡಿದ್ದೆ.

ಅನಾಥ ಮಕ್ಕಳ ಒಂದು ಸಂಸ್ಥೆಯ ಅರ್ಜಿ ತೆರೆದೆ. ಅಲ್ಲೇ ಎಚ್ಚರವಾಗಬೇಕಿತ್ತು. ಕಾರಿನ ಗುರುತಿನ ಸಂಖ್ಯೆ ಹಾಕಲು 17 ಚೌಕಗಳಿದ್ದವು. ಅಮೆರಿಕದಲ್ಲಿ 1981ರಿಂದ ಈಚಿನ ಎಲ್ಲ ಕಾರಿಗೂ 17 ಅಕ್ಷರ-ಅಂಕಿಗಳ ಸಂಖ್ಯೆ. ಜಪಾನಿನೊಳಗೆ ಮಾರಿದ ಕಾರಿಗೆ ಅದಿಲ್ಲ. ಚಾಸಿ ಮೇಲೆ ಕೊರೆದ ಚಿಕ್ಕ ಸಂಖ್ಯೆಯೊಂದೇ, ನನ್ನದು ‘ಇಎ11ಆರ್’ ಎಂದು ಶುರುವಾಗುವುದು. ಅರ್ಜಿ ಒಪ್ಪಲಿಲ್ಲ. ಫೋನು ಮಾಡಿದೆ. ಆ ಕಡೆಯ ಹುಡುಗಿ ವಿನಯವಾಗಿಯೇ, ‘ಮುಂದೆ ಸೊನ್ನೆಗಳನ್ನು ತುಂಬಿ’ ಎಂದಳು. ಸೊನ್ನೆ ತುಂಬಿದೆ. ತಯಾರಕರ ಪಟ್ಟಿಯಲ್ಲಿ ಸುಜುಕಿ ಇತ್ತು, ಮಾದರಿಗಳಲ್ಲಿ ಕಪುಚಿನೋ ಇರಲಿಲ್ಲ. ‘ಇತರೆ’ ಎಂದು ಒತ್ತಿದೆ. ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು ಜನ ಹುಡುಕಿಕೊಂಡು ತರಿಸುವ ಕಾರನ್ನು ನನ್ನ ಕೈಯಾರೆ ‘ಸುಜುಕಿ, ಇತರೆ, 1992’ ಎಂದು ಬರೆದುಕೊಟ್ಟೆ. ಇದನ್ನು ಯಾರು ಮಾರುತ್ತಾರೆ, ಎಲ್ಲಿ ಮಾರುತ್ತಾರೆ, ಕನಿಷ್ಠ ಬೆಲೆ ಎಂದು ಏನಾದರೂ ಇಡುತ್ತಾರಾ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು, ಮುಚ್ಚಿಡುವ ಜನ ಅವರಲ್ಲ. ಆದರೆ ಕೇಳಿದರೆ ಮತ್ತೆ ಮಾತುಕತೆ, ಮತ್ತೆ ಓಡಾಟ. ನನಗೆ ಬೇಕಾಗಿದ್ದದ್ದು ಅದು ಮನೆಯಿಂದ ಹೋಗುವುದು, ಮತ್ತು ಗೆಳೆಯನ ಮನೆಗೆ ಹೋಗದಿರುವುದು.

ಟೋ ಲಾರಿ ಬಂದ ದಿನ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಕಿವಿಗೆ ಫೋನು ಸಿಕ್ಕಿಸಿಕೊಂಡೇ ಹೊರಬಂದು ಟೈಟಲ್ ಪತ್ರಕ್ಕೆ ಸಹಿ ಹಾಕಿದೆ, ಕೀ ಕೊಟ್ಟೆ. ಡ್ರೈವರು ಕಾರನ್ನು ಒಂದು ಸುತ್ತು ನೋಡಿ, ‘ಮೇಲ್ಗಡೆ ಏನೂ ಇಲ್ವಲ್ಲ?’ ಎಂದ. ಚಾವಣಿಯ ಎರಡು ತುಂಡು ಡಿಕ್ಕಿಯಲ್ಲಿದ್ದವು. ಎಲ್ಲ ಇದೆ ಎಂದು ಕೈಯಾಡಿಸಿ ಒಳಹೋದೆ. ಮೂರನೆಯದು, ನಡುವಿನದು, ಗ್ಯಾರೇಜಿನ ಅಟ್ಟದ ಮೇಲೆ ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಸೋರುವ ರಬ್ಬರು ಅಂಟಿಸಲೆಂದು ನಾನೇ ಬಿಚ್ಚಿಟ್ಟಿದ್ದೆ. ಅದು ಇಲ್ಲದೆ ಉಳಿದೆರಡು ಕೂರುವುದೇ ಇಲ್ಲ. ಜಪಾನಿನ ಹರಾಜಿನಲ್ಲಿ ಕೊಟ್ಟಿದ್ದ ತಪಾಸಣೆಯ ಹಾಳೆ, ರಫ್ತಿನ ಪ್ರಮಾಣಪತ್ರ, ಐದು ವರ್ಷದ ರಿಪೇರಿ ಬಿಲ್ಲುಗಳು ಎಲ್ಲ ಮೇಜಿನ ಡ್ರಾಯರಿನಲ್ಲೇ ಉಳಿದವು. ಇಂಥ ಕಾರಿಗೆ ಬೆಲೆ ಕಟ್ಟುವವರು ಅರ್ಧ ಕಾರು ನೋಡಿದರೆ ಅರ್ಧ ಕಾಗದ ನೋಡುತ್ತಾರೆ. ಕಾಗದವಿಲ್ಲದ, ತಲೆಯಿಲ್ಲದ, ಸ್ಟಿಯರಿಂಗ್ ‘ತಪ್ಪು’ ಬದಿಗಿರುವ ಮೂವತ್ತೊಂದು ವರ್ಷದ ಗುಜರಿಯಾಗಿ ಅದು ಹೊರಟುಹೋಯಿತು.

2024ರ ಜನವರಿಯಲ್ಲಿ ಟಪಾಲು ಬಂತು. 1098-ಸಿ ಎಂಬ ನಮೂನೆ, ಒಂದೇ ಹಾಳೆ. ಅದರ ‘4ಸಿ’ ಚೌಕದಲ್ಲಿ, ಮಾರಾಟದಿಂದ ಬಂದ ಒಟ್ಟು ಮೊತ್ತ: 1,100 ಡಾಲರ್.

ಸೊನ್ನೆ ಒಂದು ಬಿಟ್ಟುಹೋಗಿದೆ ಎಂದುಕೊಂಡೆ. ಸೊನ್ನೆ ತುಂಬಿಸಿ ಅಂದವರು ಅವರೇ ತಾನೆ.

ಬಿಟ್ಟುಹೋಗಿರಲಿಲ್ಲ. ಡೀಲರುಗಳಷ್ಟೇ ಕೂಗುವ ಸಗಟು ಹರಾಜಿನಲ್ಲಿ ಅದು ಹೋಗಿತ್ತು. ಅಲ್ಲಿ ಒಂದರ ಹಿಂದೊಂದು ಕಾರು ಬರುತ್ತದೆ, ಒಂದೊಂದಕ್ಕೆ ನಿಮಿಷದಷ್ಟು ಹೊತ್ತು. ಹಳೆಯ ಟೊಯೋಟಾ, ಫೋರ್ಡ್‌ಗಳ ದರ ಎಲ್ಲರಿಗೂ ಬಾಯಿಪಾಠ. ಇದು ಏನೆಂದೇ ತಿಳಿಯದವರು ಯಾಕೆ ಕೈಯೆತ್ತುತ್ತಾರೆ? ತೆರಿಗೆ ನೋಡಿಕೊಳ್ಳುವ ಆಡಿಟರ್‌ಗೆ ಹಾಳೆ ಕಳಿಸಿದೆ. ಆತ ನನ್ನ ಹನ್ನೆರಡು ಸಾವಿರದ ಕನಸನ್ನು ಒಂದೇ ಸಲಕ್ಕೆ ಇಳಿಸಿದ. ಕಾರನ್ನು ಸಂಸ್ಥೆ ತನ್ನ ಕೆಲಸಕ್ಕೇ ಬಳಸಿಕೊಂಡರೆ, ದೊಡ್ಡ ರಿಪೇರಿ ಮಾಡಿಸಿ ಬೆಲೆ ಏರಿಸಿದರೆ, ಅಥವಾ ಬಡವರಿಗೆ ಅಗ್ಗಕ್ಕೆ ಕೊಟ್ಟರೆ ಮಾತ್ರ ಮಾರುಕಟ್ಟೆ ಬೆಲೆಯ ವಿನಾಯಿತಿ. ಅದಕ್ಕೆ ‘5ಎ’, ‘5ಬಿ’ ಎಂದು ಬೇರೆ ಚೌಕಗಳಿವೆ. ನನ್ನ ಹಾಳೆಯಲ್ಲಿ ಎರಡೂ ಖಾಲಿ. ಸುಮ್ಮನೆ ಮಾರಿದರೆ, 500 ಡಾಲರ್ ಮೀರಿದ ಕಾರಿಗೆ, ಮಾರಿ ಬಂದಷ್ಟೇ ಲೆಕ್ಕ. ಅದೂ ನನಗೆ ದಕ್ಕಲಿಲ್ಲ. 2023ರ ಸಾಲಿಗೆ ಗಂಡ-ಹೆಂಡತಿ ಇಬ್ಬರಿಗೂ ಸೇರಿ 27,700 ಡಾಲರ್ ವಿನಾಯಿತಿಯನ್ನು ಸರ್ಕಾರ ಕೇಳದೆಯೇ ಕೊಡುತ್ತಿತ್ತು. ಖರ್ಚುಗಳನ್ನು ಒಂದೊಂದಾಗಿ ತೋರಿಸಿ ಅದನ್ನು ದಾಟಿದರೆ ಮಾತ್ರ ದಾನಕ್ಕೆ ಬೆಲೆ. ಹನ್ನೆರಡು ಸಾವಿರವಿದ್ದಿದ್ದರೆ ದಾಟುತ್ತಿದ್ದೆ. ಸಾವಿರದ ನೂರಕ್ಕೆ ದಾಟಲಿಲ್ಲ. ಯಾವ ವಿನಾಯಿತಿಗಾಗಿ ಚಿಕ್ಕಪ್ಪನಿಗೆ ‘ನೋಡೋಣ’ ಎಂದಿದ್ದೆನೋ ಅದು ಬಂದದ್ದು ಸೊನ್ನೆ.

ಈ ಕಟ್ಟುನಿಟ್ಟು ಬಂದದ್ದೂ ನನ್ನಂಥವರಿಂದಲೇ. ಅಮೆರಿಕದ ಸರ್ಕಾರಿ ಲೆಕ್ಕಪತ್ರಗಳನ್ನು ತಪಾಸಣೆ ಮಾಡುವ ಕಚೇರಿ 2003ರಲ್ಲಿ ಕಾರು ದಾನದ ಮೇಲೆ ಒಂದು ವರದಿ ಕೊಟ್ಟಿತು. 54 ಕಾರುಗಳ ಜಾಡು ಹಿಡಿದು ನೋಡಿದರೆ, ಮೂರರಲ್ಲಿ ಎರಡು ಪಾಲು ಕಾರುಗಳಲ್ಲಿ ದಾನಿ ತೆರಿಗೆ ಪತ್ರದಲ್ಲಿ ಬರೆದುಕೊಂಡ ಬೆಲೆಯ ಶೇ. 5 ಅಥವಾ ಅದಕ್ಕೂ ಕಡಿಮೆ ಹಣ ಸಂಸ್ಥೆಯ ಕೈಸೇರಿತ್ತು. ಕೊಟ್ಟವನು ತನ್ನ ಕಾರಿಗೆ ತಾನೇ ಬೆಲೆ ಕಟ್ಟಿಕೊಳ್ಳುತ್ತಿದ್ದ. ಮಧ್ಯದ ಏಜೆಂಟು, ಟೋ ಖರ್ಚು, ಹರಾಜಿನ ಶುಲ್ಕ ಎಲ್ಲ ಕಳೆದು ಕೊನೆಗೆ ಅನಾಥ ಮಗುವಿಗೆ ಚಿಲ್ಲರೆ. ಅದಕ್ಕೇ 2004ರಲ್ಲಿ ಕಾನೂನು ಬಿಗಿ ಮಾಡಿದರು. ಈ ನಿಯಮಗಳೆಲ್ಲ ತೆರಿಗೆ ಇಲಾಖೆಯೇ ಅಚ್ಚುಹಾಕಿದ ದಾನಿಗಳ ಕೈಪಿಡಿಯಲ್ಲಿವೆ. ಅದರ ಸಂಖ್ಯೆ 4303, ಪುಟಗಳೂ ಕೆಲವೇ. ಟರ್ಬೋದ ಮ್ಯಾನ್ಯುಯಲ್ಲನ್ನು ಜಪಾನಿ ಭಾಷೆಯಿಂದ ಪದಪದ ಬಿಡಿಸಿಕೊಂಡು ಓದಿದ ನಾನು ಅದನ್ನು ತೆರೆದೂ ನೋಡಿರಲಿಲ್ಲ.

ಸಂಸ್ಥೆಗೆ ಫೋನು ಮಾಡಿ, ಖರ್ಚೆಲ್ಲ ಕಳೆದು ನಿಮಗೆಷ್ಟು ಸಿಕ್ಕಿತು ಎಂದು ಕೇಳಿದೆ. ನಾನೂರು ಚಿಲ್ಲರೆ ಎಂದರು, ಧನ್ಯವಾದವನ್ನೂ ಹೇಳಿದರು. ಆ ಧನ್ಯವಾದ ಕೇಳಿಸಿಕೊಳ್ಳುವುದು ಕಷ್ಟವಾಯಿತು. ಬೈದಿದ್ದರೆ ವಾದ ಮಾಡಬಹುದಿತ್ತು.

ಆಗ ನೆನಪಾದದ್ದು ಅರಕಲಗೂಡು ಕಡೆಯ ಸೋದರಮಾವ. ಅವರದು ಹೊಗೆಸೊಪ್ಪಿನ ಬೇಸಾಯ. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನಲ್ಲಿ ನಿದ್ದೆಗೆಟ್ಟು ಬೇಯಿಸಿ, ಬಣ್ಣ ನೋಡಿ ವಿಂಗಡಿಸಿ, ಬೇಲು ಕಟ್ಟಿ, ರಾಮನಾಥಪುರದ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಒಯ್ಯುತ್ತಾರೆ. ಹುಡುಗನಾಗಿದ್ದಾಗ ಅವರ ಜೊತೆ ಹೋಗಿದ್ದೇನೆ. ಸಾಲಾಗಿ ಇಟ್ಟ ಬೇಲುಗಳ ನಡುವೆ ಕಂಪನಿಯವರು ನಡೆದುಕೊಂಡೇ ದರ ಕೂಗುತ್ತಿದ್ದರು. ಒಂದೊಂದು ಬೇಲಿನ ಹಣೆಬರಹ ಕಣ್ಣುಮುಚ್ಚಿ ತೆಗೆಯುವುದರೊಳಗೆ ಮುಗಿಯುತ್ತಿತ್ತು. ಮಾವ ಮಾತ್ರ ತಮ್ಮ ಬೇಲಿನ ಪಕ್ಕದಿಂದ ಕದಲುತ್ತಿರಲಿಲ್ಲ. ಯಾರೋ ಎಲೆ ಹಿಡಿದು ಮೂಗು ಮುರಿದರೆ, ಇವರೇ ಒಳಗಿನಿಂದ ಇನ್ನೊಂದು ಸೂಡು ಎಳೆದು ಬೆಳಕಿಗೆ ಹಿಡಿಯುತ್ತಿದ್ದರು. ದರ ಒಪ್ಪಿಗೆಯಾಗದಿದ್ದರೆ ಮಾರುವುದಿಲ್ಲ ಎಂದು ಬೇಲನ್ನು ವಾಪಸು ಹೊರಡಿಸುವ ಹಕ್ಕು ರೈತನಿಗುಂಟು. ಅದನ್ನು ಒಂದೆರಡು ಸಲ ಅವರು ಚಲಾಯಿಸಿದ್ದನ್ನೂ ನೋಡಿದ್ದೇನೆ, ಬರುವಾಗ ದಾರಿಯುದ್ದಕ್ಕೂ ಎತ್ತುಗಳಿಗೆ ಬೈಯುತ್ತ ಬಂದದ್ದನ್ನೂ. ಬೇಲು ಗೇಟಿನಲ್ಲಿ ಇಳಿಸಿ, ‘ಎಷ್ಟಕ್ಕಾದರೂ ಹೋಗಲಿ, ಬಂದದ್ದು ದೇವಸ್ಥಾನಕ್ಕೆ’ ಎಂದು ಹೇಳಿ ಮನೆಗೆ ಹೊರಟವನನ್ನು ಆ ಮಾರುಕಟ್ಟೆಯಲ್ಲಿ ಯಾರೂ ಧರ್ಮಾತ್ಮ ಎನ್ನುವುದಿಲ್ಲ. ತಲೆ ಸರಿ ಇದೆಯಾ ಎಂದು ಕೇಳುತ್ತಾರೆ.

ನಾನು ಮಾಡಿದ್ದು ಅದೇ. ಕಾರಿನಲ್ಲಿದ್ದ ಬೆಲೆ ಕಾರಿನ ಜೊತೆಗೇ ಹೋಗುತ್ತದೆ ಎಂದುಕೊಂಡಿದ್ದೆ. ಆ ಬೆಲೆ ಇದ್ದದ್ದು ಅದನ್ನು ಬಲ್ಲ ಹತ್ತು ಜನರ ಕಣ್ಣಿನಲ್ಲಿ, ನನ್ನ ಡ್ರಾಯರಿನ ಕಾಗದಗಳಲ್ಲಿ, ಅಟ್ಟದ ಮೇಲಿನ ಆ ತುಂಡಿನಲ್ಲಿ. ಮಾರುವ ಕಷ್ಟವನ್ನು ಪಡಬೇಕಾಗಿದ್ದವನು ನಾನು. ಆ ಕಷ್ಟವನ್ನೇ ಇನ್ನೊಬ್ಬರ ತಲೆಗೆ ದಾಟಿಸಿ ಅದಕ್ಕೆ ದಾನ ಎಂದು ಹೆಸರಿಟ್ಟೆ. ಗೆಳೆಯನಿಗೆ ಒಂಬತ್ತಕ್ಕೇ ಕೊಟ್ಟು ಆ ಒಂಬತ್ತು ಸಾವಿರವನ್ನು ಅದೇ ಸಂಸ್ಥೆಗೆ ಚೆಕ್ಕಾಗಿ ಕೊಟ್ಟಿದ್ದರೆ ಪೂರ್ತಿ ಅವರಿಗೇ ಸೇರುತ್ತಿತ್ತು. ವಿನಾಯಿತಿಯ ಲೆಕ್ಕಕ್ಕೂ ಪೂರ್ತಿ ಒಂಬತ್ತೇ ಬರುತ್ತಿತ್ತು. ಊರಿಗೆ ಕಳಿಸಿದ್ದರೆ ವಿನಾಯಿತಿ ಇಲ್ಲದೆಯೂ ಏಳು ಲಕ್ಷ ರೂಪಾಯಿ ಮೀರುತ್ತಿತ್ತು. ಕಪಾಟು, ಮೇಜು ಬಿಡಿ, ಆ ರೂಮಿಗೆ ಇನ್ನೊಂದು ರೂಮು ಸೇರಿಸಬಹುದಿತ್ತು.

2024ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ವಾಹನ ಇಲಾಖೆ ತನ್ನ ನಿಲುವು ಬದಲಿಸಿ, ಕೇ ವಾಹನಗಳ ನೋಂದಣಿಗೆ ಒಪ್ಪಿಗೆ ಕೊಟ್ಟಿತು. ನನ್ನ ಹೆದರಿಕೆಗೂ ಅಲ್ಲಿಗೆ ಆಧಾರವಿಲ್ಲದಾಯಿತು.

ಮೇ ತಿಂಗಳಲ್ಲಿ ಗೆಳೆಯ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಕಳಿಸಿದ. ಬೇರೆ ಊರಿನ ಒಬ್ಬ ಡೀಲರ್ ಮಾರಾಟಕ್ಕಿಟ್ಟ ಕಪುಚಿನೋ. ತೊಳೆದು, ಮೇಣ ಹಚ್ಚಿ, ಹುಣಸೆ ಉಜ್ಜಿದ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಬೆಲೆ 8,900. ‘ಚಾವಣಿಯ ಒಂದು ಭಾಗ ಇಲ್ಲ’ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಗೆಳೆಯ ಒಂದೇ ಸಾಲು ಸೇರಿಸಿದ್ದ: ‘ನರಸಿಂಹಸ್ವಾಮಿ ಸ್ಟಿಕ್ಕರ್ ಹಂಗೇ ಐತೆ ನೋಡು.’ ಅವನು ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ನಾನಾಗಿದ್ದರೆ ಹೇಳದೆ ಬಿಡುತ್ತಿರಲಿಲ್ಲ.

ಹೆಂಡತಿಗೆ ಆ ರಾತ್ರಿ ಎಲ್ಲ ಹೇಳಿದೆ, ಐದಲ್ಲ ಏಳೂವರೆ ಎಂಬುದನ್ನೂ ಸೇರಿಸಿ. ‘ಅದು ನಂಗೆ ಆವತ್ತೇ ಗೊತ್ತಿತ್ತು, ಬ್ಯಾಂಕಿನ ಮೆಸೇಜು ಬಂದಿತ್ತಲ್ಲ’ ಎಂದಳು. ಹಾಗಾದರೆ ಒಂಬತ್ತು ಒಳ್ಳೆಯ ಲಾಭ ಎಂದದ್ದು? ‘ಏಳೂವರೆಗೆ ಒಂಬತ್ತೂ ಲಾಭಾನೇ ಅಲ್ವಾ?’

ಮರುದಿನ ಆ ಡೀಲರ್‌ಗೆ ಫೋನು ಮಾಡಿ, ನಡುವಿನ ತುಂಡು, ಹರಾಜಿನ ಹಾಳೆ, ಬಿಲ್ಲುಗಳು ಎಲ್ಲ ನನ್ನ ಹತ್ತಿರವಿವೆ ಎಂದೆ. ಸುಮ್ಮನೆ ಕಳಿಸಿಬಿಡೋಣ ಎಂದೇ ಫೋನು ಎತ್ತಿದ್ದೆ. ‘ಎಷ್ಟು ಕೊಡಲಿ?’ ಎಂದು ಅವನೇ ಕೇಳಿದ. ಸುಮ್ಮನೆ ತಗೋ ಎಂಬ ಮಾತು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಎಂಟುನೂರು ಎಂದೆ. ಅವನು ನಕ್ಕು ಇನ್ನೂರೈವತ್ತು ಎಂದ. ಈ ತುಂಡಿಲ್ಲದೆ ಮಳೆಯಲ್ಲಿ ಆ ಕಾರನ್ನು ಹೇಗೆ ತೋರಿಸುತ್ತೀಯ, ಜಪಾನಿನಿಂದ ತರಿಸಿದರೆ ಹಡಗಿನ ಬಾಡಿಗೆಯೇ ಎಷ್ಟಾಗುತ್ತದೆ, ಆ ತಪಾಸಣೆಯ ಹಾಳೆ ಇಟ್ಟುಕೊಂಡರೆ ಕಾರಿಗೆ ಇನ್ನೆಷ್ಟು ಹೆಚ್ಚು ಕೇಳಬಹುದು ಎಂದು ಒಂದೊಂದಾಗಿ ಹೇಳುತ್ತ ಹೋದೆ. ಆರುನೂರಕ್ಕೆ ನಿಂತಿತು, ಟಪಾಲು ಖರ್ಚು ಅವನದು. ನಾನೂರಕ್ಕಿಂತ ಹೆಚ್ಚು! ಇಡೀ ಕಾರು ಅನಾಥ ಮಕ್ಕಳಿಗೆ ಕೊಟ್ಟದ್ದಕ್ಕಿಂತ ಒಂದು ತಗಡಿನ ತುಂಡು ಹೆಚ್ಚು ತಂದಿತು.

ಅದಕ್ಕೆ ಇನ್ನಷ್ಟು ಸೇರಿಸಿ ಊರಿಗೆ ಕಳಿಸಿದೆ. ಚಿಕ್ಕಪ್ಪ ಹೊಳೆನರಸೀಪುರದಲ್ಲಿ ಬೀರು ಅಂಗಡಿಯವನ ಜೊತೆ ಒಂದು ಬೆಳಗ್ಗೆ ಪೂರ್ತಿ ಜಗ್ಗಾಡಿ ಎರಡು ಕಬ್ಬಿಣದ ಕಪಾಟು ತಂದರಂತೆ. ಫೋಟೊ ಕಳಿಸಿದರು. ಜೊತೆಗೆ ಬಿಲ್ಲನ್ನೂ ಕಳಿಸಿದರು. ಬಿಲ್ಲು ಯಾಕೆ ಚಿಕ್ಕಪ್ಪ ಎಂದೆ.

‘ನಿಂದ್ಯಾವ್ದೋ ಟ್ಯಾಕ್ಸಿಗೆ ಬೇಕಾಯ್ತದೆ ಅಂತಿದ್ದಲ್ಲ, ಮಡಿಕೊ’ ಎಂದರು.